ಬಟ್ಟಲೊಳಗಿನ ಬಟ್ಟಲು

ದೊಡ್ಡಬೆಳವಂಗಲದಲ್ಲಿ ಚಂದ್ರನ ಹುಚ್ಚು ಹಿಡಿದವರು ಇಬ್ಬರೇ: ರೈತ ಅಪ್ಪಯ್ಯಣ್ಣ, ಪೋಸ್ಟ್ ಮಾಸ್ಟರ್ ಗಫಾರ್ ಸಾಹೇಬರು. ಊರಿನ ಪುಣ್ಯ, ಮೂರನೆಯವರಿಗೆ ಅಂಟಲಿಲ್ಲ. ಅಪ್ಪಯ್ಯಣ್ಣ ಬೆಂಗಳೂರು ದಂಡಿನ ಹರಾಜಿನಲ್ಲಿ ಒಂದು ಹಿತ್ತಾಳೆಯ ದುರ್ಬೀನು ತಂದಿದ್ದ. ಅದನ್ನು ಹಿತ್ತಲ ಕಲ್ಲುಕಂಬದ ಮೇಲೆ ಮರದ ಕವೆಗೆ ಕೂರಿಸಿ, ಸಂಜೆಯಾದರೆ ಇಬ್ಬರೂ ಸರದಿಯ ಮೇಲೆ ಕಣ್ಣಿಡುತ್ತಿದ್ದರು.

ಅವರದೊಂದು ಕಟ್ಟುಪಾಡಿತ್ತು. ಅದನ್ನು ತಂದವರು ಸಾಹೇಬರು. ರಂಜಾನ್ ಹಬ್ಬದ ಚಂದ್ರನನ್ನು ಕಂಡೆನೆಂದು ಒಬ್ಬನೇ ಬಂದು ಹೇಳಿದರೆ ಮಸೀದಿಯಲ್ಲಿ ಹಬ್ಬ ಸಾರುವುದಿಲ್ಲ, ಇನ್ನೊಂದು ಸಾಕ್ಷಿ ಬೇಕು. ಇಲ್ಲೂ ಹಾಗೆಯೇ. ಚಂದ್ರನ ಮೇಲಿನ ಒಂದು ಗುಂಡಿ ಇಬ್ಬರಿಗೂ ಕಂಡರೆ ‘ಐತೆ’ ಅನ್ನಬೇಕು. ಒಬ್ಬರಿಗೇ ಕಂಡರೆ ಅದು ಇಲ್ಲ.

ಇಬ್ಬರ ಕಣ್ಣೂ ಚಂದ್ರನ ದಕ್ಷಿಣದ ಅಂಚಿನ ಮೇಲೆ. ಅಲ್ಲಿನ ಗುಂಡಿಗಳನ್ನು ನಾವು ಓರೆಯಾಗಿ ನೋಡುವುದರಿಂದ ಅವು ಬರೀ ಗೆರೆಗಳಾಗಿ ಕಾಣುತ್ತವೆ. ಚಂದ್ರ ಒಂದಿಷ್ಟು ಗದ್ದ ಎತ್ತಿದಾಗ ಮಾತ್ರ ಅವುಗಳ ಬಾಯಿ ತೆರೆಯುತ್ತದೆ. ಆ ವರ್ಷಗಳಲ್ಲಿ ಅವನು ಗದ್ದ ಎತ್ತಿ, ಬೇಕಾದ ಮೂಲೆಗೆ ನೆರಳೂ ಸರಿಯಾಗಿ ಬೀಳುತ್ತಿದ್ದದ್ದು ಯಾವಾಗ ಅಂತೀರಿ? ಗಣೇಶನ ಚೌತಿಯ ಸಂಜೆ.

ಗಣೇಶನನ್ನು ಕಂಡು ನಕ್ಕವನ ಮುಖವನ್ನು ಅಂದು ನೋಡುವುದುಂಟೇ? ನೋಡಿದವರಿಗೆ ಮಾಡದ ತಪ್ಪಿನ ಅಪವಾದ ತಪ್ಪಿದ್ದಲ್ಲ. ಒಂದು ವರ್ಷದ ಚೌತಿಯಂದು ಅಪ್ಪಯ್ಯಣ್ಣ ದುರ್ಬೀನನ್ನು ಸಾಹೇಬರಿಗೆ ಬಿಟ್ಟು, ಒಳಗೆ ಗೋಡೆಗೆ ಮುಖ ಮಾಡಿ ಕುಳಿತ. ಹೆಂಡತಿ ಅಂಜಿನಮ್ಮ ಕಿಟಕಿ ಮುಚ್ಚಿದಳು. ಹಿತ್ತಲಿನಿಂದ ಸಾಹೇಬರ ದನಿ ಬಂತು.

“ಅಪ್ಪಯ್ಯಣ್ಣಾ, ದೊಡ್ಡ ಬಟ್ಟಲೊಳಗೆ ಸಣ್ಣ ಬಟ್ಟಲು ಇಟ್ಟಂಗೈತೆ. ಗುಂಡಿ ಒಳಗೇ ಗುಂಡಿ. ಒಂದ್ಸಲ ಬಂದು ನೋಡ್ಬಿಡಿ.”

“ಇವತ್ತಾಗಲ್ಲ ಸಾಹೇಬ್ರೇ. ನಾಳೆ ನೋಡ್ತೀನಿ.”

ಮಾರನೆಯ ಸಂಜೆಗೆ ಚಂದ್ರನ ಆ ಅಂಚಿನಲ್ಲಿ ಬಿಸಿಲೇರಿ ನೆರಳು ಕರಗಿತ್ತು. ಅಪ್ಪಯ್ಯಣ್ಣನಿಗೆ ಕಂಡದ್ದು ಒಂದು ಬಿಳಿ ಗೆರೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಟಪಾಲಿಗೆ ಕಾದು ನಿಂತಿದ್ದ ಜನರ ಎದುರು ಬಾಯಿ ಬಿಟ್ಟ.

“ಚೌತಿ ಚಂದ್ರನ್ನ ನೋಡ್ದೋರಿಗೆ ಇಲ್ದೇ ಇರೋದೆಲ್ಲ ಕಾಣ್ತದೆ. ಬುರುಡೆ ಬಿಡೋದ್ರಲ್ಲಿ ನಮ್ಮ ಸಾಹೇಬ್ರು ಕಮ್ಮಿ ಇಲ್ಲ.”

ಜನ ನಕ್ಕರು. ಸಾಹೇಬರು ಕಾಗದಗಳಿಗೆ ಮೊಹರು ಒತ್ತುತ್ತಲೇ ಇದ್ದರು, ತಲೆ ಎತ್ತಲಿಲ್ಲ.

ಅಂದಿನಿಂದ ಅವರು ಹಿತ್ತಲಿಗೆ ಬರಲಿಲ್ಲ. ಅಪ್ಪಯ್ಯಣ್ಣನಿಗೂ ಬಿಗುಮಾನ, ಕರೆಯಲಿಲ್ಲ. ಮುಂದಿನ ಚೌತಿಯೂ ಹಾಗೇ ಹೋಯಿತು. ಆಮೇಲಿನ ಬೇಸಿಗೆಯಲ್ಲಿ ಸಾಹೇಬರು ವಿಷಮಶೀತ ಜ್ವರದಲ್ಲಿ ಹೋಗಿಬಿಟ್ಟರು. ಅಪ್ಪಯ್ಯಣ್ಣ ಮಣ್ಣಿಗೆ ಹೋಗಿ ಬಂದ. ದುರ್ಬೀನಿನ ಮುಂದೆ ನಿಂತರೆ, ಕಂಡದ್ದನ್ನು ಹೇಳಲು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗುತ್ತಿದ್ದ. ಪಕ್ಕದಲ್ಲಿ ಒಂದು ಹರಳುಗಿಡ ಇರುತ್ತಿತ್ತು. ಹೆಂಡತಿ ಇರುವ ಮನೆಯಲ್ಲೂ ಅಂಥ ಒಂಟಿತನ ಇರುತ್ತದೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಅದು ಎರಡನೇ ಮಹಾಯುದ್ಧ ಮುಗಿದ ವರ್ಷ, ಮತ್ತೆ ಚೌತಿ ಬಂತು. ಸಂಜೆ ಮೋಡ ಹರಿಯಿತು. ಅಂಜಿನಮ್ಮ ಕಿಟಕಿ ಮುಚ್ಚಿ ತಿರುಗಿದರೆ ಗಂಡ ಹಿತ್ತಲ ಬಾಗಿಲಲ್ಲಿದ್ದ.

“ಎಲ್ಲಿಗೆ ಹೊರಟ್ರಿ? ಇವತ್ತೇನು ದಿನ ಅಂತ ಗ್ಯಾನ ಐತಾ?”

“ಐತೆ, ಅದಕ್ಕೇ ಹೊರಟಿದ್ದೀನಿ. ಅವತ್ತು ಚಂದ್ರನ್ನ ನೋಡಿದ್ದಕ್ಕೆ ಸಾಹೇಬ್ರಿಗೆ ಅಪವಾದ ಬಂತಲ್ಲ, ಹೊರಿಸಿದೋನು ನಾನೇ ಅಲ್ವಾ?”

ಅವಳು ಅವನನ್ನೇ ನೋಡಿದಳು. ಪೂಜೆಯ ಅಕ್ಷತೆ ನಾಲ್ಕು ಕಾಳು ಅವನ ತಲೆಗೆ ಹಾಕಿ ಒಳಗೆ ಹೋದಳು.

ಅಪ್ಪಯ್ಯಣ್ಣ ಕಣ್ಣಿಟ್ಟ. ಚಂದ್ರ ಮೊದಲು ನಡುಗಿದ, ಆಮೇಲೆ ನಿಂತ. ದಕ್ಷಿಣದ ಅಂಚಿನಲ್ಲಿ ಬೆಳಕಿನ ಒಂದು ಬಳೆ. ಅದರೊಳಗೆ, ಅರ್ಧ ನೆರಳಿನಲ್ಲಿ, ಇನ್ನೊಂದು ಸಣ್ಣ ಬಳೆ. ಬಟ್ಟಲೊಳಗೆ ಬಟ್ಟಲು. ಸಾಹೇಬರು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಅವನ ಕಣ್ಣು ತುಂಬಿಕೊಂಡು, ಕಂಡದ್ದೂ ಕಾಣದಾಯಿತು.

ಚಂದ್ರ ಮುಳುಗುವ ಮೊದಲೇ ಮಸೀದಿ ಬೀದಿಗೆ ಹೋದ. ಸಾಹೇಬರ ಹೆಂಡತಿ ಶಾಕಿರಾ ಬಾಗಿಲ ಪರದೆಯ ಹಿಂದೆ ಬಂದು ನಿಂತರು.

“ತಾಯೀ, ಸಾಹೇಬ್ರು ಹೇಳಿದ್ದ ಗುಂಡಿ ಇವತ್ತು ನೋಡ್ದೆ. ಅವರು ಹೇಳಿದ್ದು ನಿಜ. ನಿಮಗಾದ್ರೂ ಹೇಳ್ಬೇಕು ಅನ್ನಿಸ್ತು.”

“ಹೋದ ವರ್ಷ ಇದೇ ದಿನ ಅವರು ನಿಮ್ಮ ಹಿತ್ತಲ ಬೇಲಿ ತನಕ ಬಂದಿದ್ರು ಅಣ್ಣಾ,” ಎಂದರು ಶಾಕಿರಾ. “‘ನಾನು ನೋಡಿ ಆಗೋಗಿದೆ, ಅಪ್ಪಯ್ಯಣ್ಣ ಒಬ್ರು ನೋಡ್ಬಿಟ್ರೆ ಸಾಕು, ಇನ್ನೊಂದ್ಸಲ ಕರೀತೀನಿ’ ಅಂತ ಹೋದ್ರು. ಸುಮ್ನೆ ವಾಪಸ್ ಬಂದ್ರು. ಕಿಟಕಿ ಮುಚ್ಚಿತ್ತಂತೆ.”

ಅಪ್ಪಯ್ಯಣ್ಣ ಕೈ ಮುಗಿದು ಹಿಂದಿರುಗಿದ.

ಹಿತ್ತಲಿಗೆ ಬಂದಾಗ ಚಂದ್ರ ಹುಣಸೆಮರದ ಹಿಂದಕ್ಕೆ ಇಳಿದಿದ್ದ. ದುರ್ಬೀನಿನಲ್ಲಿ ನೋಡಲು ಇನ್ನೇನೂ ಇರಲಿಲ್ಲ. ಕಲ್ಲುಕಂಬದ ಪಕ್ಕ, ಸಾಹೇಬರು ನಿಲ್ಲುತ್ತಿದ್ದ ಕಡೆಗೆ ತಿರುಗಿ, ಇಬ್ಬರಿಗೂ ಕಂಡ ಮೇಲೆ ಹೇಳಬೇಕಾದ ಆ ಒಂದು ಮಾತನ್ನು ಹೇಳಿದ.

“ಐತೆ ಸಾಹೇಬ್ರೇ.”

ಆಮೇಲೆ ಒಳಗೆ ಹೋಗಿ ಕಿಟಕಿ ತೆರೆದ.