ಚಿದಾನಂದಣ್ಣನ ಕ್ಯಾಪ್ಸೂಲ್

ಲಾಯಿಲದ ಪ್ರೇಮಾವತಿ ತನ್ನದೊಂದು ಕಿಡ್ನಿಯನ್ನು ಗಂಡ ಮುಂಡಪ್ಪನಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅಂದಿನಿಂದ ಅವನ ಮಾತ್ರೆಗಳೆಲ್ಲ ಅವಳ ಕೈಯಿಂದಲೇ ಹೋಗುತ್ತಿದ್ದವು. ಐದು ದಿನ ಜ್ವರ ಬಿಡದೆ ಅವನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ, "ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ?" ಎಂದು ಡಾಕ್ಟರ್ ತೃಪ್ತಿ ಕೇಳಿದರು.

"ಇಲ್ಲ ಡಾಕ್ಟ್ರೇ, ನಾನು ಕೊಟ್ಟದ್ದು ಮಾತ್ರ," ಎಂದಳು ಪ್ರೇಮಾವತಿ.

"ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿದೆ. ಪ್ರೋಬಯಾಟಿಕ್ ಕ್ಯಾಪ್ಸೂಲುಗಳಲ್ಲಿ ಇರುವಂಥದ್ದು."

ಮುಂಡಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. "ನನ್ನ ದೋಸ್ತಿ ಚಿದಾನಂದ ಕೊಟ್ಟದ್ದು, ಅವನು ಮಾರುವ ಕಂಪನಿದ್ದು. ಹೊಟ್ಟೆ ಸರಿಯಾಗ್ತದೆ ಅಂದ. ನೀನು ಬೈತಿ ಅಂತ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದೆ."

ಡಾಕ್ಟರ್ ಬಿಡಿಸಿ ಹೇಳಿದರು. ಕ್ಯಾಪ್ಸೂಲಿನೊಳಗೆ ಇರುವುದು ಜೀವಂತ ಬ್ಯಾಕ್ಟೀರಿಯಾ. ಗಟ್ಟಿಮುಟ್ಟಾಗಿ ಇರುವವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಕಸಿ ಮಾಡಿದ ಕಿಡ್ನಿ ಉಳಿಯಲೆಂದು ಮುಂಡಪ್ಪನ ರೋಗನಿರೋಧಕ ಶಕ್ತಿಯನ್ನು ಮಾತ್ರೆ ಕೊಟ್ಟು ತಗ್ಗಿಸಲಾಗಿದೆ. ಇಂಥವರಿಗೆ ಅದು ಕರುಳಿನಿಂದ ರಕ್ತಕ್ಕೆ ಸೇರಿ ಸೋಂಕು ತರಬಹುದು.

ಐಸಿಯುನಲ್ಲಿದ್ದು, ಜ್ವರ ಇಳಿದು ಮನೆಗೆ ಬರಲು ಹದಿನೆಂಟು ದಿನ ಹಿಡಿಯಿತು. ಕಿಡ್ನಿ ಉಳಿಯಿತು. ಪ್ರೇಮಾವತಿ ಚಿದಾನಂದನಿಗೆ ಫೋನ್ ಮಾಡಿದಳು.

"ಪ್ರೇಮಕ್ಕ, ಅದು ಮೊಸರಿನ ಹಾಗೆ ಮಾರಾಯ್ರೆ! ಮೊಸರು ತಿಂದು ಯಾರಿಗಾದ್ರೂ ಜ್ವರ ಬರ್ತದಾ?" ಎಂದು ಅವನು ನಕ್ಕ.

ಆ ನಗೆಯನ್ನು ಅವಳಿಂದ ಸಹಿಸಲಾಗಲಿಲ್ಲ. ಭಾನುವಾರ ಮೂಡುಬಿದಿರೆಯ ಸಭಾಭವನದಲ್ಲಿ ಅವನು ಕ್ಯಾಪ್ಸೂಲು ಮಾರುವ ಕಂಪನಿಯ ಮೀಟಿಂಗ್ ಇತ್ತು. ಬಸ್ಸು ಹತ್ತಿ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು. ಚಿದಾನಂದ ಮೈಕು ಹಿಡಿದು, "ಸಣ್ಣ ಮಗುವಿನಿಂದ ಮುದುಕರವರೆಗೆ ಯಾರು ಬೇಕಾದರೂ ತಿನ್ನಬಹುದು. ಸೈಡ್ ಎಫೆಕ್ಟ್ ಸೊನ್ನೆ!" ಎಂದ.

ಪ್ರೇಮಾವತಿ ಎದ್ದು ನಿಂತಳು. "ಸುಳ್ಳು! ನನ್ನ ಗಂಡ ಇದನ್ನು ತಿಂದು ಐಸಿಯುನಲ್ಲಿ ಬಿದ್ದಿದ್ದರು."

"ಪ್ರೇಮಕ್ಕ, ಹೊರಗೆ ಹೋಗಿ ಮಾತಾಡುವ."

"ಇಲ್ಲಿಯೇ ಮಾತಾಡುವ. ಅವರಿಗೆ ಕಿಡ್ನಿ ಕಸಿ ಆದದ್ದು ನಿಮಗೆ ಗೊತ್ತಿರಲಿಲ್ವಾ? ಆಗ ಆಸ್ಪತ್ರೆಗೆ ಹಣ್ಣು ಹಿಡ್ಕೊಂಡು ಬಂದದ್ದು ಯಾರು?"

"ಡಾಕ್ಟರನ್ನು ಕೇಳಿ ಅಂತ ಡಬ್ಬಿಯಲ್ಲಿ ಬರೆದುಂಟು."

"ಎಲ್ಲಿ ಉಂಟು? ಓದಿ!"

ಅವನು ಕನ್ನಡಕ ತೆಗೆದು, ಮತ್ತೆ ಹಾಕಿ, ಡಬ್ಬಿ ತಿರುಗಿಸಿದ. ತಳದಲ್ಲಿದ್ದ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ ಅವನಿಗೇ ಓದಲು ಬರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಆಯಿಶಮ್ಮ ಎಂಬ ಮುದುಕಿ ಕೈಯೆತ್ತಿದರು. "ನನ್ನ ಮಗಳಿಗೆ ಕೀಮೋ ನಡೀತಾ ಉಂಟು. ಅವಳಿಗೆ ಇದನ್ನು ತಗೊಳ್ಳಲಿಕ್ಕೆ ಅಂತಲೇ ಬಂದದ್ದು. ಕೊಡಬಹುದಾ?"

ಚಿದಾನಂದ ಮೈಕನ್ನು ಕೆಳಗಿಟ್ಟ.

"ಅವಳ ಡಾಕ್ಟರನ್ನು ಕೇಳದೆ ಕೊಡಬೇಡಿಯಮ್ಮ," ಎಂದಳು ಪ್ರೇಮಾವತಿ. ಆಯಿಶಮ್ಮ ಆಗಲೇ ಕೊಂಡಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರನಡೆದರು. ಅವರ ಹಿಂದೆ ಇನ್ನೂ ನಾಲ್ಕೈದು ಮಂದಿ ಎದ್ದರು. ಉಳಿದವರು ಕೂತೇ ಇದ್ದರು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. "ನನ್ನ ಮರ್ಯಾದೆ ತೆಗೆದಿ," ಎಂದ ಮುಂಡಪ್ಪ.

"ಹೌದು, ತೆಗೆದೆ. ಅವನು ಹೇಳಿದ್ದನ್ನು ನಂಬಿ ನನ್ನ ಹತ್ರ ಮುಚ್ಚಿಟ್ರಲ್ಲ, ಅದಕ್ಕೆ ಏನು ಹೇಳ್ತೀರಿ?"

ಆ ರಾತ್ರಿಯ ಮಾತ್ರೆಗಳನ್ನು ಅವಳು ಮುಂಡಪ್ಪನ ಕೈಗೆ ಕೊಡದೆ ಮೇಜಿನ ಮೇಲೆ ಕುಕ್ಕಿ, ಒಳಗೆ ಹೋದಳು.