ಕಂಬದಿಂದ ಮೂರನೆಯ ಹಾಸುಗಲ್ಲು

ಫೆಬ್ರವರಿ ಮುಗಿಯುತ್ತ ಬಂದಿತ್ತು. ಇಳಿಹೊತ್ತು, ನಾಲ್ಕರ ಸುಮಾರು. ಇಕೆಬುಕುರೊ ನಿಲ್ದಾಣದ ಪಶ್ಚಿಮ ಬಾಗಿಲಿನಿಂದ ಜನ ಹೊಳೆಯಂತೆ ಹೊರಬೀಳುತ್ತಿದ್ದರು. ಎದುರಿನ ಹಳೆಯ ಕಟ್ಟಡದ ಮಹಡಿಯಲ್ಲಿ ಕಿನುಯೊ ತನ್ನ ಕಾಫಿ ಅಂಗಡಿಯ ಬಟ್ಟಲುಗಳನ್ನು ಒರೆಸುತ್ತಿದ್ದಳು.

ಕಟ್ಟಡ ಕೆಡವುವುದು ಗೊತ್ತಾಗಿತ್ತು. ಕೆಳಗಿನ ಕ್ಷೌರದವನು, ಪಕ್ಕದ ಹೊಲಿಗೆಯವಳು, ಎಲ್ಲರೂ ಖಾಲಿ ಮಾಡಿಯಾಗಿತ್ತು. ಕಿನುಯೊ ಒಬ್ಬಳೇ ಒಪ್ಪಿಗೆಯ ಕಾಗದಕ್ಕೆ ಸಹಿಯ ಮುದ್ರೆ ಒತ್ತಿರಲಿಲ್ಲ. ಹಲ್ಲಿನ ವೈದ್ಯರಲ್ಲಿ ಹೋಗಿ ಬರುತ್ತೇನೆಂದು ಮೆಟ್ಟಿಲಿಳಿದ ಗಂಡ ಕುರಾಜೊ ನಾಲ್ಕು ವರ್ಷವಾದರೂ ಮರಳಿರಲಿಲ್ಲ. ಅಂಗಡಿಯೇ ಇಲ್ಲವಾದರೆ ಅವನು ಬಂದು ತನ್ನನ್ನು ಹುಡುಕುವುದಾದರೂ ಎಲ್ಲಿ? ಸಕಾತಾ ಊರಿನ ತಂಗಿ ಕರೆದೂ ಕರೆದೂ ಸೋತಿದ್ದಳು.

ಒಂದು ವರ್ಷದಿಂದ ಅಂಗಡಿಗೆ ಹೊಸ ಗಿರಾಕಿಗಳು ಬರುತ್ತಿದ್ದರು. ಯಾವುದೋ ಅನಿಮೆ ಕಾರ್ಟೂನ್ ಚಿತ್ರದಲ್ಲಿ ಈ ನಿಲ್ದಾಣ ಬರುತ್ತದಂತೆ. ಅದರಲ್ಲಿ ಕಂಡ ಜಾಗವನ್ನು ಕಣ್ಣಾರೆ ನೋಡಲು ಬರುವುದನ್ನು ಅವರು ಯಾತ್ರೆ ಎಂದೇ ಕರೆಯುತ್ತಿದ್ದರು. ಚಿತ್ರದ ಹಾಳೆಯನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಚಿತ್ರದ ಕಂಬಕ್ಕೆ ನಿಜದ ಕಂಬ ಕೂಡುವವರೆಗೆ ಹಿಂದೆ ಮುಂದೆ ಸರಿಯುತ್ತಿದ್ದರು. ಕೂಡಿದಲ್ಲಿ ನಿಂತು ಫೋಟೊ ತೆಗೆದರೆ ಯಾತ್ರೆ ಸಂದಂತೆ.

ಆ ದಿನ ಬಂದವಳು ಇಬುಕಿ. ಆಸ್ಪತ್ರೆಯೊಂದರಲ್ಲಿ ನರ್ಸ್; ಅಂಗಡಿಗೆ ಹಳಬಳು.

"ಅಜ್ಜಿ, ಬಿಸಿಯಾಗಿ ಒಂದು ಕಾಫಿ. ನಿಂತೂ ನಿಂತೂ ಕಾಲು ಮರಗಟ್ಟೋಯ್ತು."

"ಚಿತ್ರದಲ್ಲಿ ಬರೆದ ಹುಡುಗಿಗೋಸ್ಕರ ಇಷ್ಟು ಪಾಡು ಪಡೋ ಬದಲು ಒಂದು ಗಂಡು ನೋಡ್ಕೋಬಾರ್ದೇನೇ?"

"ಗಂಡು ನಿಲ್ಸಿದ ಕಡೆ ನಿಲ್ಲಲ್ಲ ಅಜ್ಜಿ. ಚಿತ್ರ ನಿಲ್ಲುತ್ತೆ."

ನಗುತ್ತ ಕಾಫಿ ಇಡಲು ಬಾಗಿದ ಕಿನುಯೊಳ ಕಣ್ಣು ಮೇಜಿನ ಮೇಲೆ ಹರಡಿದ್ದ ಹಾಳೆಗಳ ಮೇಲೆ ಬಿತ್ತು. ಕಥೆಯ ಹುಡುಗಿಯ ಬೆನ್ನ ಹಿಂದೆ ಜನರ ಗುಂಪು. ಅದರಲ್ಲೊಬ್ಬ ಗಂಡಸು, ಮಡಿಚಿದ ಕೊಡೆಯ ಹಿಡಿಯನ್ನು ಕೋಟಿನ ಕೊರಳಪಟ್ಟಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ನಿಂತಿದ್ದ. ಎಡಭುಜ ಇಳಿದಿತ್ತು. ಮುಖ ಮೇಲಕ್ಕೆತ್ತಿದ್ದ. ಕೊಡೆಯನ್ನು ಹಾಗೆ ಬೆನ್ನಿಗೆ ನೇತುಹಾಕಿಕೊಳ್ಳಬೇಡಿ ಎಂದು ಮೂವತ್ತು ವರ್ಷ ಬೈದವಳು ಅವಳೇ.

"ಇವರನ್ನ ಯಾರು ಬರೆದದ್ದು?"

"ಓ, ನಮ್ಮ ಕೊಡೆ ಮಾವ! ಚಿತ್ರ ಬರೆಯೋರು ಮೊದಲು ಇಲ್ಲಿ ಬಂದು ನೂರಾರು ಫೋಟೊ ತೆಗೀತಾರೆ, ಅದನ್ನ ನೋಡ್ಕೊಂಡು ಬರೀತಾರೆ. ಯಾರೋ ನಿಜವಾಗ್ಲೂ ನಿಂತಿದ್ದಿರಬೇಕು. ಇಂಥ ವೇಷ ಮನಸ್ಸಿಂದ ಯಾರಿಗೆ ಹೊಳೆಯುತ್ತೆ?"

"ತೆಗೆದದ್ದು ಯಾವಾಗ?"

"ಹಿಂದೆ ಕನ್ನಡಕದಂಗಡಿ ಬೋರ್ಡು ಇದೆಯಲ್ಲ, ಅದನ್ನ ಹೋದ ವರ್ಷದ ಹಿಂದಿನ ವರ್ಷ ಏಪ್ರಿಲಲ್ಲಿ ಹಾಕಿ ಜೂನಲ್ಲಿ ಕಿತ್ತರು. ಆ ನಡುವೆಯೇ. ಇಷ್ಟು ಗೊತ್ತುಮಾಡೋಕೆ ನಮ್ಮ ಗುಂಪಲ್ಲಿ ಆಡಿದ ಜಗಳ ಅಷ್ಟಿಷ್ಟಲ್ಲ."

ಅಂದರೆ ಮನೆ ಬಿಟ್ಟು ಎರಡು ವರ್ಷದ ಮೇಲೆ. ಪೊಲೀಸರಿಗೆ ದೂರು ಕೊಟ್ಟು, ಆಸ್ಪತ್ರೆಗಳಲ್ಲಿ ಯಾರು ಯಾರದೋ ಹೆಣದ ಮುಖ ನೋಡಿ ಬಂದ ಮೇಲೆ.

"ಅವರು ನಮ್ಮೆಜಮಾನ್ರು ಕಣೇ."

ಇಬುಕಿಯ ಕೈ ಬಟ್ಟಲಿನ ಮೇಲೆಯೇ ಉಳಿಯಿತು. "ಅಜ್ಜಿ, ನಮ್ಮ ಗುಂಪಿಗೆ ಹೇಳ್ಲಾ? ಸಾವಿರ ಜನ ಹುಡುಕ್ತಾರೆ."

"ಬೇಡ. ಅವರು ನಿಂತಿದ್ದ ಜಾಗ ತೋರ್ಸು."

ಇಬ್ಬರೂ ಇಳಿದು ರಸ್ತೆ ದಾಟಿದರು. ಇಬುಕಿ ಹಾಳೆ ಹಿಡಿದು ಹೊಂದಿಸಿದಳು. ಕಂಬದಿಂದ ಮೂರನೆಯ ಹಾಸುಗಲ್ಲು. ಕಿನುಯೊ ಅದರ ಮೇಲೆ ನಿಂತು ಮುಖವೆತ್ತಿದಳು. ಜನ ಅವಳನ್ನು ಬಳಸಿಕೊಂಡು ಹರಿದರು.

"ಆಕಾಶ ನೋಡ್ತಿದಾನೆ ಅಂತಿದ್ವಿ ನಾವು," ಎಂದಳು ಇಬುಕಿ ಮೆಲ್ಲಗೆ.

ಅಲ್ಲಿಂದ ಆಕಾಶ ಕಾಣುತ್ತಿರಲಿಲ್ಲ. ಮೇಲಿನ ಚಾವಣಿ ಅಡ್ಡವಿತ್ತು. ಅದರ ಅಂಚಿನ ಕೆಳಗೆ ಕಾಣುತ್ತಿದ್ದುದು ಒಂದೇ ಕಿಟಕಿ. ದೀಪ ಉರಿಯುತ್ತಿತ್ತು. ದೀಪದಡಿ ಅವಳು ದಿನವೂ ಕೂರುವ ಎತ್ತರದ ಸ್ಟೂಲು. ಅಲ್ಲಿ ಕೂತವರ ಕಣ್ಣು ಮೂಗು ಗುರುತು ಹಿಡಿಯುವಷ್ಟು ಹತ್ತಿರ.

"ಮೆಟ್ಟಿಲು ಹತ್ತೋಕೆ ಧೈರ್ಯ ಸಾಲದೇ ಹೋಗಿರಬಹುದು ಅಜ್ಜಿ."

"ಸತ್ತಿರಬಹುದು ಅಂದ್ಕೊಂಡಿದ್ದೆ. ದಾರಿ ಮರೆತಿರಬಹುದು ಅಂದ್ಕೊಂಡಿದ್ದೆ. ಇದೊಂದನ್ನ ಅಂದ್ಕೊಂಡಿರಲಿಲ್ಲ ನೋಡು."

ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಕಿನುಯೊ ಕಾಗದಕ್ಕೆ ಮುದ್ರೆ ಒತ್ತಿದಳು. ಸಾಮಾನು ಕಟ್ಟಲು ಬಂದ ಇಬುಕಿ, ಹೊಸ ವಿಳಾಸವನ್ನು ಬಾಗಿಲಿಗೆ ಅಂಟಿಸಲೇ ಎಂದು ಕೇಳಿದಳು.

"ಇಷ್ಟು ದಿನ ವಿಳಾಸ ಗೊತ್ತಿಲ್ಲದೇ ಬರಲಿಲ್ವೇನೇ?" ಎಂದಳು ಕಿನುಯೊ. ಆದರೂ ಬಹಳ ಹೊತ್ತು ಆ ಖಾಲಿ ಬಾಗಿಲನ್ನೇ ನೋಡುತ್ತ ನಿಂತಳು.

ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ, ಬೆಳಗಿನ ರೈಲಿಗೆ ಅವಳು ಸಕಾತಾಗೆ ಹೊರಟುಹೋದಳು.