ಡಬ್ಬಿಯ ಮೇಲಿನ ಒಳಲೆ

ನಾನು ಒಂದು ಬೆಳ್ಳಿಯ ಒಳಲೆ. ಹಲ್ಲು ಬಾರದ ಕೂಸುಗಳ ಬಾಯಿಗೆ ನನ್ನ ಚೂಪು ಮೂತಿಯಿಟ್ಟು ಹಾಲು, ಗಂಜಿ ಇಳಿಸುವುದು ನನ್ನ ಕಸುಬು. ಕೂಸಿಗಿಂತ ಮೊದಲು ಎಲ್ಲದರ ರುಚಿಯೂ ನನಗೇ ತಾಗುತ್ತದೆ. ಹೇಸಿಗೆ ಎಂದರೇನೆಂದು ನನ್ನನ್ನು ಕೇಳಿ, ಹೇಳುತ್ತೇನೆ.

ನಾನು ಹುಟ್ಟಿದ್ದು ವಿಜಯಪುರದ ಒಬ್ಬ ಪತ್ತಾರನ ಕುಲುಮೆಯಲ್ಲಿ. ಬಂಗಾರೆವ್ವ ಎಂಬಾಕೆ ತನ್ನ ಮುರಿದ ಕಾಲ್ಕಡಗ ಕರಗಿಸಿ, ಚೊಚ್ಚಲ ಮಗ ಗುರುಪಾದಪ್ಪನಿಗಾಗಿ ನನ್ನನ್ನು ಮಾಡಿಸಿದಳು. ಆ ಪುಣ್ಯಾತ್ಮ ನನ್ನ ಮೂತಿಯನ್ನು ಕಚ್ಚಿ ಹಿಡಿಯುತ್ತಿದ್ದ. ಅವನ ಮೊದಲ ಹಲ್ಲಿನ ಗುರುತು ಇಂದಿಗೂ ಇದೆ. ಹೊಟ್ಟೆ ಕಟ್ಟಿದರೆ ಹಿತ್ತಲ ಬಳ್ಳಿಯ ನಾಲ್ಕು ಒಣದ್ರಾಕ್ಷಿ ನೆನೆಹಾಕಿದ ನೀರು ಕುಡಿಸುತ್ತಿದ್ದರು. ಎಷ್ಟು ಸಿಹಿ! ಅವನು ದೊಡ್ಡವನಾದ ಮೇಲೆ ಓಣಿಯವರು ನನ್ನನ್ನು ಕೇಳಿ ಒಯ್ದರು. ಕುಂಬಾರರ ಮನೆ, ಪಿಂಜಾರರ ಮನೆ, ಮಾಸ್ತರರ ಮನೆ ಎಲ್ಲ ಸುತ್ತಿದೆ. ಕೂಸಿನ ಎಂಜಲಿಗೆ ನಾನು ಎಂದೂ ಹೇಸಿದವಳಲ್ಲ.

ಗುರುಪಾದಪ್ಪ ದ್ರಾಕ್ಷಿ ತೋಟ ಮಾಡಿದ. ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ, ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಟ್ಟು ಮಾರತೊಡಗಿದ. ಹುಳಕ್ಕೊಂದು ಔಷಧ, ಬೂದಿರೋಗಕ್ಕೆ ಇನ್ನೊಂದು. ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂದು ಬಾಟಲಿಯ ಮೇಲೆ ಬರೆದಿತ್ತು. ಆಕಾಶದಲ್ಲಿ ಮೋಡ ಕಂಡರೆ ಸಾಕು, ಮಳೆಗೆ ಹಣ್ಣು ಕೆಟ್ಟೀತೆಂದು ಇವನು ಔಷಧ ಹೊಡೆದ ನಾಲ್ಕನೆಯ ದಿನಕ್ಕೇ ಕೊಯ್ಯಿಸುತ್ತಿದ್ದ. ಆದರೆ ಹಿತ್ತಲ ಬಳ್ಳಿಯ ಮೇಲೆ ಒಂದು ಹನಿ ಔಷಧ ಬೀಳಗೊಡುತ್ತಿರಲಿಲ್ಲ.

"ಶೆಡ್ಡಿನ ಮಾಲ ಹೊಸ್ತಿಲಾ ದಾಟಬಾರ್ದು ನೋಡ," ಎಂದು ಹೆಂಡತಿ ನೀಲವ್ವನಿಗೆ ಅವನ ಕಟ್ಟಪ್ಪಣೆ. ತನ್ನ ಮನೆಗೆ ಬೇಡವಾದದ್ದು ಊರವರ ಹೊಟ್ಟೆಗೆ!

ಮೊಮ್ಮಗ ಓಂಕಾರ ಹುಟ್ಟಿದಾಗ ನಾನು ಮನೆಗೆ ಮರಳಿದೆ. ಒಂದು ದಿನ ಗುರುಪಾದಪ್ಪ ಫೋಟೊ ತೆಗೆಯುವವನನ್ನು ಕರೆತಂದು, ಕೂಸಿನ ಬಾಯಿಗೆ ನನ್ನನ್ನಿಟ್ಟು ಫೋಟೊ ತೆಗೆಸಿದ. ಆಗ ನನ್ನೊಳಗಿದ್ದದ್ದು ಹಿತ್ತಲ ದ್ರಾಕ್ಷಿಯ ನೀರು. ಫೋಟೊ ಅಂಟಿಸಿದ್ದು ಮಾತ್ರ ಶೆಡ್ಡಿನ ದ್ರಾಕ್ಷಿಯ ಡಬ್ಬಿಗೆ. ಕೆಳಗೆ ಬರೆಸಿದ: 'ಕೂಸಿನ ದ್ರಾಕ್ಷಿ. ನೆನೆಹಾಕಿ ನೀರು ಕುಡಿಸಿ.' ಅಂದಿನಿಂದ ನನಗೆ ನನ್ನ ಮುಖವೇ ಅಸಹ್ಯ.

ಆ ಶೆಡ್ಡಿನಲ್ಲಿ ದ್ರಾಕ್ಷಿಯ ತೊಟ್ಟು ಬಿಡಿಸುವ ಕಸ್ತೂರಿಗೆ ಏಳು ತಿಂಗಳ ಹೆಣ್ಣುಕೂಸು. ಓಂಕಾರ ತಾಯಿಯ ತವರಿಗೆ ಹೋಗಿದ್ದಾಗ ಕಸ್ತೂರಿ ನೀಲವ್ವನ ಬಳಿ ಬಂದಳು.

"ಅಕ್ಕಾರ, ಕೂಸಿನ ಹೊಟ್ಟಿ ಕಟ್ಟೇತ್ರಿ. ಒಳಲಿ ಕೊಡ್ರಿ, ಹತ್ತ ದಿನಕ್ಕ ತಂದ ಕೊಡ್ತೀನಿ."

ನೀಲವ್ವ ಕೊಟ್ಟಳು. ಏನು ಕುಡಿಸುತ್ತೀ ಎಂದು ಕೇಳಲಿಲ್ಲ.

ಕಸ್ತೂರಿಯ ಮನೆಯ ಗೂಡಿನಲ್ಲಿ ನನ್ನದೇ ಚಿತ್ರದ ಡಬ್ಬಿ ಕುಳಿತಿತ್ತು. ಯಜಮಾನರ ಮೊಮ್ಮಗನೇ ಕುಡಿಯುತ್ತಾನೆಂದರೆ ಒಳ್ಳೆಯದೇ ಇರಬೇಕೆಂದು ಪಾಪ ನಂಬಿದ್ದಳು. ನೆನೆದ ದ್ರಾಕ್ಷಿ ಹಿಂಡಿ, ಆ ನೀರನ್ನು ನನ್ನೊಳಗೆ ಸುರಿದಳು. ಥೂ! ಸಿಹಿಯ ಹಿಂದೆ ಗಂಧಕದ ಗಬ್ಬು, ಅದರ ಹಿಂದೆ ಮೈ ಜೋಮು ಹಿಡಿಸುವ ಇನ್ನೇನೋ. ಉಗುಳೋಣವೆಂದರೆ ನನ್ನ ಮೂತಿ ಇದ್ದದ್ದೇ ಕೂಸಿನ ಬಾಯಲ್ಲಿ. ಅದು ಚಪ್ಪರಿಸಿ ಕುಡಿದು ನಕ್ಕಿತು. ಹೀಗೆ ಹತ್ತು ದಿನ.

ಹನ್ನೊಂದನೆಯ ದಿನ ಕಸ್ತೂರಿ ನನ್ನನ್ನು ಮರಳಿಸಿದಳು. ನನ್ನ ಒಳಮೈ ಕಪ್ಪಿಟ್ಟಿತ್ತು. ನೀಲವ್ವ ಮೂಸಿ ನೋಡಿ ಮುಖ ಸಿಂಡರಿಸಿದಳು. ಅಂಗಳದಲ್ಲೇ ಕುಳಿತು ಹುಣಸೆಹಣ್ಣು, ಬೂದಿ ಹಾಕಿ ಒಮ್ಮೆ ತಿಕ್ಕಿದಳು, ಮತ್ತೊಮ್ಮೆ ತಿಕ್ಕಿದಳು, ಮೂರನೆಯ ಸಲವೂ ತಿಕ್ಕಿದಳು. ಕಸ್ತೂರಿ ಇನ್ನೂ ಅಲ್ಲೇ ನಿಂತಿದ್ದಳು.

"ಯಾಕ್ರಿ ಅಕ್ಕಾರ, ನನ್ನ ಕೂಸಿನ ಎಂಜಲಾ ಅಷ್ಟ ಹೊಲಸೇನ್ರಿ? ನಾವ ಅಷ್ಟ ಕೀಳೇನ್ರಿ?"

ನೀಲವ್ವನ ಕೈ ನಿಂತಿತು. ಸುಮ್ಮನಿದ್ದರೆ ಗಂಡನ ಗುಟ್ಟು ಉಳಿಯುತ್ತಿತ್ತು. ಆದರೆ ಕೂಸಿನ ಎಂಜಲಿಗೆ ಹೇಸಿದಳೆಂಬ ಮಾತನ್ನು ಹೊರುವುದು ಆಕೆಯಿಂದ ಆಗಲಿಲ್ಲ.

"ಎಂಜಲಲ್ಲವ್ವಾ. ನಮ್ಮ ದ್ರಾಕ್ಷಿ. ಅದಕ್ಕ ಭಾಳ ಔಷಧ ಹೊಡದೇವಿ. ಇನ್ನ ಕುಡಸಬ್ಯಾಡ."

"ಮತ್ತ ನಿಮ್ಮ ಓಂಕಾರಗ?"

"ಅವಂಗ ಹಿತ್ತಲಂದು."

ಕಸ್ತೂರಿ ಬೈಯಲಿಲ್ಲ. "ಒಳಲಿ ಕೊಡೂ ಮುಂದ ಯಾಕ ಹೇಳಲಿಲ್ರಿ?" ಎಂದಷ್ಟೇ ಕೇಳಿದಳು.

ಕಸ್ತೂರಿ ಮತ್ತೆ ಶೆಡ್ಡಿಗೆ ಬರಲಿಲ್ಲ. ಗುರುಪಾದಪ್ಪ ಬೇರೆ ಊರಿನ ಹೆಂಗಸರನ್ನು ಕರೆಸಿಕೊಂಡ. ಆ ಕೂಸು ಈಗ ಓಣಿಯಲ್ಲಿ ಓಡಾಡುತ್ತದಂತೆ. ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ಹುಣಸೆಗೆ ಬೆಳ್ಳಗಾಗುತ್ತದೆ. ಉಳಿದ ಔಷಧಗಳಿಗೆ ಬಣ್ಣವೂ ಇಲ್ಲ. ಆ ಕೂಸಿನ ಹೊಟ್ಟೆಯಲ್ಲಿ ಏನು ಉಳಿಯಿತೋ ಯಾರು ಕಂಡರು?

ಈಗ ನಾನು ಮುದುಕಿ. ಟ್ರಂಕಿನ ಮೂಲೆಯೇ ನನ್ನ ಮನೆ. ಓಣಿಯವರು ಯಾರೂ ಕೇಳಿ ಬರುವುದಿಲ್ಲ. ಮೊನ್ನೆ ಗುರುಪಾದಪ್ಪ ನನ್ನನ್ನು ಹೊರತೆಗೆದ. ಹೊಸ ಡಬ್ಬಿಗೆ ಹೊಸ ಫೋಟೊ ಬೇಕಂತೆ. ಈ ಸಲ ಓಂಕಾರನ ತಂಗಿ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿತ್ತಲ ದ್ರಾಕ್ಷಿಯ ನೀರಿಗೆ ಕೈ ಚಾಚಿದ. ನೀಲವ್ವ ಆ ಬಟ್ಟಲನ್ನು ಸರಿಸಿ, ಶೆಡ್ಡಿನ ದ್ರಾಕ್ಷಿ ನೆನೆದ ಬಟ್ಟಲನ್ನು ಅವನ ಮುಂದಿಟ್ಟಳು.

"ಫೋಟೊ ಖರೇ ಇರ್ಲಿ. ಇದನ್ನ ಕುಡಸ್ರಿ."

ಅವನ ಕೈ ಮುಂದೆ ಹೋಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡ. ಫೋಟೊದವನು ಕಾಯುತ್ತಿದ್ದ. ಕೊನೆಗೆ ಖಾಲಿ ಇದ್ದ ನನ್ನನ್ನೇ ಕೂಸಿನ ಬಾಯಿಗಿಟ್ಟು ಫೋಟೊ ತೆಗೆಸಿದ.

ಅಂಗಡಿಯಲ್ಲಿ ಈ ವರ್ಷದ ಡಬ್ಬಿ ಕಂಡರೆ ಚಿತ್ರವನ್ನು ಸರಿಯಾಗಿ ನೋಡಿ. ಕೂಸು ಅಳುತ್ತಿದೆ. ನನ್ನೊಳಗೆ ಏನೂ ಇಲ್ಲ.